ಬಾಸೆಲ್ಲಿನ ಭಿತ್ತಿಪತ್ರಗಳೂ ಕನ್ನಡ ಲಿಪಿಯೂ

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣಕ್ಕೂ ಕನ್ನಡದ ಅಚ್ಚಿಗೂ ಇರುವ ಸಂಬಂಧವು ಹೊಸದಲ್ಲ. ಆ ಪಟ್ಟಣದ ಮಿಷನ್ನಿಗೆ ಸೇರಿದ ಹರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದುದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಮೊಳೆಯ ನಿರ್ಬಂಧವಿಲ್ಲ. ಲೇಖಕನ ಕೈ ಹೋದೆಡೆಗೆ ಅಕ್ಷರವೂ ಹೋಗುವುದು, ಒತ್ತು ತನಗೆ ಬೇಕಾದಷ್ಟು ಕೆಳಗಿಳಿಯುವುದು. ಅದೇ ಬಾಸೆಲ್ಲಿನಲ್ಲಿ ಒಂದು ಶತಮಾನದ ತರುವಾಯ ಆರ್ಮಿನ್ ಹೋಫ್‌ಮನ್, ಎಮಿಲ್ ರೂಡರ್ ಮೊದಲಾದವರು ಬೆಳೆಯಿಸಿದ ಭಿತ್ತಿಪತ್ರಸಂಪ್ರದಾಯವು ಈಗ ಕನ್ನಡನಾಡಿನ ಫಲಕಗಳಲ್ಲಿಯೂ ಅನುಕರಣೆಗೆ ಪಾತ್ರವಾಗಿರುವುದರಿಂದ, ಅದರ ಗುಣದೋಷವಿಚಾರವು ಅಪ್ರಸ್ತುತವೆನಿಸಲಾರದು.

ಹೋಫ್‌ಮನ್ನರು 1959ರಲ್ಲಿ 'ಜಿಸೆಲ್' ಎಂಬ ನೃತ್ಯರೂಪಕಕ್ಕೆ ರಚಿಸಿದ ಭಿತ್ತಿಪತ್ರವನ್ನು ನೋಡಬೇಕು. ಕಪ್ಪು ನೆಲ, ಅದರಲ್ಲಿ ಸುತ್ತುತ್ತಿರುವ ನರ್ತಕಿಯ ಮಸುಕಾದ ಆಕೃತಿ, ಎಡಕ್ಕೆ ಕಂಬದಂತೆ ನೆಟ್ಟಗೆ ನಿಂತ ಹೆಸರು. ಬಣ್ಣವಿಲ್ಲ, ಬಳ್ಳಿಯಿಲ್ಲ. ಅಕ್ಷರವು ನಿಶ್ಚಲವಾಗಿರುವುದರಿಂದಲೇ ನರ್ತನದ ವೇಗವು ಕಣ್ಣಿಗೆ ಕಟ್ಟುವುದು. ಕ್ಷೇಮೇಂದ್ರನು ಕಾವ್ಯಕ್ಕೆ ಜೀವಿತವೆಂದ ಔಚಿತ್ಯವು ಇಲ್ಲಿ ರೇಖೆಯಲ್ಲಿ ಸಿದ್ಧಿಸಿದೆಯೆಂದರೆ ಅತ್ಯುಕ್ತಿಯಲ್ಲ.

ಆದರೆ ನಿರಲಂಕಾರವಾದ ಸಮರೇಖೆಯ ಅಕ್ಷರವೂ ಚೌಕಳಿಯ ಪಂಕ್ತಿಕ್ರಮವೂ ಸಕಲ ಭಾಷೆಗಳಿಗೂ ಸಲ್ಲುವುವೆಂಬ ಅನುಯಾಯಿಗಳ ಮತವು ಅತಿವ್ಯಾಪ್ತಿದೋಷದಿಂದ ದುಷ್ಟವಾಗಿದೆ. ರೋಮನ್ ಲಿಪಿಯ ಲಕ್ಷಣವನ್ನು ಲಿಪಿಮಾತ್ರದ ಲಕ್ಷಣವೆಂದು ಭ್ರಮಿಸಿದುದರ ಫಲವಿದು. 'ಹೊಸಕೋಟೆ' ಎಂಬ ಹೆಸರು ಆ ನಿಯಮಕ್ಕೆ ಹೇಗೋ ಒಗ್ಗೀತು. ಅದೇ ತಾಲ್ಲೂಕಿನ 'ಸಮೇತನಹಳ್ಳಿ'ಯಲ್ಲಿಯಾದರೋ ಐದಕ್ಷರಗಳು ಸಾಲಿನ ಮೇಲೆ ಕುಳಿತು, ಆರನೆಯದು ಒತ್ತನ್ನು ಕೆಳಗಿಳಿಸುವುದು. ಪಂಕ್ತಿಗಳ ನಡುವಣ ಎಡೆಯನ್ನು ಇಂಗ್ಲಿಷಿನ ಅಳತೆಗೆ ತಗ್ಗಿಸಿದರೆ ಒತ್ತು ಕುಗ್ಗಿ ಚುಕ್ಕೆಯಾಗುವುದು. ಒತ್ತಿಗಾಗಿ ಇಡೀ ಹೆಸರನ್ನು ಕಿರಿದುಗೊಳಿಸಿದರೆ ಕೆಳಗಿನ ಇಂಗ್ಲಿಷೇ ದೊಡ್ಡದಾಗಿ ಕಾಣುವುದು. ಇನ್ನು ರೇಖೆಯನ್ನು ದಪ್ಪವಾಗಿಸಿದಾಗ ಮಹಾಪ್ರಾಣಾಕ್ಷರದ ಕೆಳಸೀಳು ಮುಚ್ಚಿಹೋಗಿ, ದೂರದಿಂದ ಓದುವವನಿಗೆ ಧನವು ದನವಾಗುವುದು. ಇದು ಕೇವಲ ರುಚಿಭೇದದ ಮಾತಲ್ಲ, ಅರ್ಥಹಾನಿ.

ಈ ದೋಷವನ್ನು ಮೂಲಾಚಾರ್ಯರ ಮೇಲೆ ಹೊರಿಸುವುದು ನ್ಯಾಯವಲ್ಲ. ಹೋಫ್‌ಮನ್ನರು 1965ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೂ ಪಾಠ ಹೇಳಿದವರು. ರೂಡರರು 1967ರಲ್ಲಿ ಪ್ರಕಟಿಸಿದ 'ಟೈಪೋಗ್ರಫಿ' ಗ್ರಂಥದಲ್ಲಿ ಅಚ್ಚಾದ ಕಪ್ಪಿಗೆಷ್ಟೋ ಅಚ್ಚಾಗದ ಬಿಳುಪಿಗೂ ಅಷ್ಟೇ ಬೆಲೆಯಿದೆ. ಅನುಕರಿಸುವವರು ಕಪ್ಪನ್ನು ಮಾತ್ರ ಕೊಂಡು ಬಿಳುಪನ್ನು ಬಿಟ್ಟರು. ಕನ್ನಡದಲ್ಲಿ ಸಾಲಿನ ಕೆಳಗಿನ ಬಿಳುಪು ಒತ್ತಕ್ಷರದ ಸ್ವಸ್ಥಾನ; ಅದನ್ನು ಮೊದಲು ಬಿಟ್ಟುಕೊಟ್ಟು, ಆಮೇಲೆ ಫಲಕದಲ್ಲಿ ಎಷ್ಟು ಸಾಲು ಹಿಡಿಯುವುದೆಂದು ಎಣಿಸತಕ್ಕದ್ದು.