ವಿಶ್ವಾಸದ ಕರಾರು, ತೆರೆದ ಖಾತೆ

ಕಟ್ಟಿಸುವವನಿಗೂ ಕಟ್ಟುವವನಿಗೂ ನಡುವೆ ಆಗುವ ಕರಾರುಪತ್ರವನ್ನು ಗ್ರಂಥವೆಂದು ಓದುವ ರೂಢಿ ನಮ್ಮಲ್ಲಿಲ್ಲ. ಸಹಿ ಮಾಡುವಾಗ ಮೊತ್ತವನ್ನು ನೋಡುತ್ತೇವೆ. ವ್ಯಾಜ್ಯ ಹುಟ್ಟಿದಾಗ ಮಾತ್ರ ಷರತ್ತುಗಳನ್ನು ಓದುತ್ತೇವೆ. ಬಸದಿಯ ಜೀರ್ಣೋದ್ಧಾರ, ವಿದ್ಯಾರ್ಥಿನಿಲಯ, ಸಭಾಭವನ ಮೊದಲಾದ ಕಾಮಗಾರಿಗಳಲ್ಲಿ ಸಮಾಜದ ದ್ರವ್ಯವನ್ನು ವಿನಿಯೋಗಿಸುವ ನಮ್ಮ ಟ್ರಸ್ಟುಗಳಿಗಾದರೂ ಈ ರೂಢಿ ಸಲ್ಲದು. ಆ ಕಾರಣದಿಂದ, ಸಹಯೋಗದ ಕರಾರುಗಳೆಂದು ಪ್ರಸಿದ್ಧಿ ಪಡೆದವುಗಳಲ್ಲಿ ಮುಖ್ಯವಾದ ‘ನ್ಯೂ ಎಂಜಿನಿಯರಿಂಗ್ ಕಾಂಟ್ರಾಕ್ಟ್’ ಎಂಬ ಇಂಗ್ಲೆಂಡಿನ ಮಾದರಿಯನ್ನು ಇಲ್ಲಿ ಪರಾಮರ್ಶಿಸಲು ಯತ್ನಿಸಿದ್ದೇನೆ.

ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಇದನ್ನು 1993ರಲ್ಲಿ ಪ್ರಕಟಿಸಿತು. ಅಲ್ಲಿಯ ನಿರ್ಮಾಣ ಉದ್ಯಮದ ಕಲಹಗಳನ್ನು ಕುರಿತು ಮೈಕೆಲ್ ಲೇಥಮ್ ಅವರು 1994ರಲ್ಲಿ ಸಲ್ಲಿಸಿದ ವರದಿ ಇದನ್ನು ಶಿಫಾರಸು ಮಾಡಿತು. 2005ರಲ್ಲಿ ಮೂರನೆಯ, 2017ರಲ್ಲಿ ನಾಲ್ಕನೆಯ ಆವೃತ್ತಿ ಬಂದವು. 2012ರ ಲಂಡನ್ ಒಲಿಂಪಿಕ್ಸ್‌ನ ಬಹುಪಾಲು ನಿರ್ಮಾಣ ನಡೆದುದು ಇದರ ಅಡಿಯಲ್ಲಿಯೇ. ಉಭಯ ಪಕ್ಷಗಳೂ ಪರಸ್ಪರ ವಿಶ್ವಾಸ ಮತ್ತು ಸಹಕಾರದ ಭಾವದಿಂದ ವರ್ತಿಸತಕ್ಕದ್ದೆಂಬ ಮಾತು ಇದರ ಆರಂಭದಲ್ಲಿಯೇ ಇದೆ. ಅನೇಕರು ಹೊಗಳುವುದು ಈ ಮಾತನ್ನು. ನನಗಾದರೋ ಇದರಲ್ಲಿ ಅಷ್ಟು ಸತ್ತ್ವ ಕಾಣುವುದಿಲ್ಲ. ವಿಶ್ವಾಸವಿಡಬೇಕೆಂದು ಬರೆದ ಮಾತ್ರಕ್ಕೆ ಯಾರಲ್ಲಿಯೂ ವಿಶ್ವಾಸ ಹುಟ್ಟದೆಂಬುದನ್ನು ಅಂಗಡಿಯಲ್ಲಿ ಕುಳಿತ ಯಾವ ವ್ಯಾಪಾರಿಯಾದರೂ ಬಲ್ಲನು.

ಇದರ ನಿಜವಾದ ಗುಣವಿರುವುದು ಪ್ರಾಜೆಕ್ಟ್ ಮ್ಯಾನೇಜರನಿಗೆ ವಿಧಿಸಿದ ದಿನಚರಿಯಲ್ಲಿ. ನಮ್ಮ ಕಲಬುರಗಿಯ ಎರೆಮಣ್ಣನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಈ ಮಣ್ಣಿನಲ್ಲಿ ಪಾಯ ಎಷ್ಟು ಆಳಕ್ಕೆ ಹೋಗಬೇಕೆಂಬುದು ತೋಡಿದ ಮೇಲೆಯೇ ಖಚಿತವಾಗುವ ಸಂದರ್ಭಗಳುಂಟು. ಆರು ಅಡಿಗೆ ಗಟ್ಟಿನೆಲ ಸಿಗುವುದೆಂದು ಲೆಕ್ಕ ಹಾಕಿದ್ದು ಹತ್ತು ಅಡಿಗೂ ಸಿಗದೆ ಹೋದರೆ, ವಾಡಿಕೆಯ ಪದ್ಧತಿಯಲ್ಲಿ ಗುತ್ತಿಗೆದಾರನು ಸುಮ್ಮನಿದ್ದು ಕೊನೆಯ ಬಿಲ್ಲಿನಲ್ಲಿ ಅದನ್ನು ಸೇರಿಸುತ್ತಾನೆ. ಟ್ರಸ್ಟಿನವರು ಆಗ ಬೆಚ್ಚಿಬೀಳುತ್ತಾರೆ. ಈ ಕರಾರಿನಲ್ಲಿ ಹಾಗಿಲ್ಲ. ವೆಚ್ಚವನ್ನೋ ಅವಧಿಯನ್ನೋ ಹೆಚ್ಚಿಸಬಲ್ಲ ಸಂಗತಿ ತನ್ನ ಗಮನಕ್ಕೆ ಬಂದೊಡನೆ ಗುತ್ತಿಗೆದಾರನು ಮುನ್ನೆಚ್ಚರಿಕೆ ಕೊಡಬೇಕು, ಮ್ಯಾನೇಜರನೂ ಅಷ್ಟೇ. ಕೊಡಬೇಕಾದ ಎಚ್ಚರಿಕೆಯನ್ನು ಗುತ್ತಿಗೆದಾರನು ಕೊಡದಿದ್ದರೆ, ಕೊಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ದರಪಟ್ಟಿಗೆ ಮೂರು ವಾರ, ಅದಕ್ಕೆ ಮ್ಯಾನೇಜರನ ಉತ್ತರಕ್ಕೆ ಎರಡು ವಾರ ಎಂಬಂತೆ ಗಡುವುಗಳಿವೆ. ಮ್ಯಾನೇಜರನು ಮೌನವಾಗಿದ್ದು, ನೆನಪಿಸಿದ ಮೇಲೂ ಮೌನ ಮುಂದುವರಿಸಿದರೆ, ಅದನ್ನು ಒಪ್ಪಿಗೆಯೆಂದೇ ಭಾವಿಸಲಾಗುತ್ತದೆ. ಅಂದಂದಿನ ಕಿರ್ದಿಯನ್ನು ಅಂದೇ ಬರೆಯುವ ಹಳೆಯ ಮುನೀಮರ ಶಿಸ್ತು ಇದು. ಕೆಲಸದ ಗುಣಮಟ್ಟವನ್ನು ಪರೀಕ್ಷಿಸುವ ಹೊಣೆಯನ್ನು ಬೇರೆ ಮೇಲ್ವಿಚಾರಕನಿಗೆ ಒಪ್ಪಿಸಿ, ಹಣ ಮತ್ತು ಕಾಲದ ನಿರ್ಣಯವನ್ನು ಮಾತ್ರ ಮ್ಯಾನೇಜರನ ಕೈಯಲ್ಲಿ ಇರಿಸಿರುವುದೂ ವಿವೇಕದ ಏರ್ಪಾಟೇ.

ದೋಷ ಕಾಣುವುದು ಇದೇ ಮ್ಯಾನೇಜರನ ಸ್ಥಾನದಲ್ಲಿ. ಅವನ ಸಂಬಳ ಮಾಲೀಕನದು. ನಿರ್ಣಯ ಇಬ್ಬರಿಗೂ ಸಂಬಂಧಿಸಿದ್ದು. ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಕಾಮಗಾರಿಯಲ್ಲಿ ಮ್ಯಾನೇಜರನ ಸ್ಥಾನದಲ್ಲಿದ್ದ ಬೆಕ್‌ಟೆಲ್ ಸಂಸ್ಥೆಯು, ಗುತ್ತಿಗೆದಾರರ ವೆಚ್ಚಗಳನ್ನು ಬೇಕೆಂದೇ ತಳ್ಳಿಹಾಕುವಂತೆ ತನ್ನ ಸಿಬ್ಬಂದಿಗೆ ಸೂಚಿಸಿತೆಂದು ಕೋಸ್ಟೇನ್ ಮತ್ತು ಅದರ ಪಾಲುದಾರ ಸಂಸ್ಥೆಗಳು 2005ರಲ್ಲಿ ನ್ಯಾಯಾಲಯದಲ್ಲಿ ಆರೋಪಿಸಿದವು. ಹಣದ ನಿರ್ಣಯ ಮಾಡುವಾಗ ಮ್ಯಾನೇಜರನು ನಿಷ್ಪಕ್ಷಪಾತಿಯಾಗಿರಬೇಕೆಂಬ ವಾದದಲ್ಲಿ ವಿಚಾರಣೆಗೆ ಯೋಗ್ಯವಾದ ಅಂಶವಿದೆಯೆಂದು ನ್ಯಾಯಮೂರ್ತಿ ಜಾಕ್ಸನ್ ಅಭಿಪ್ರಾಯಪಟ್ಟರು. ತಾತ್ಕಾಲಿಕ ತಡೆಯಾಜ್ಞೆಯನ್ನು ಮಾತ್ರ ನೀಡಲಿಲ್ಲ. ವಿಶ್ವಾಸದ ವಾಕ್ಯವನ್ನು ಮೊದಲಲ್ಲಿಯೇ ಹೊತ್ತ ಕರಾರಿನ ಕುಟುಂಬದಲ್ಲಿಯೇ ಇಂಥ ವ್ಯಾಜ್ಯ ಹುಟ್ಟಿತೆಂಬುದು ಗಮನಾರ್ಹ.

ಇನ್ನೊಂದು ಆಕ್ಷೇಪ ಲಾಭ–ನಷ್ಟದ ಹಂಚಿಕೆಯನ್ನು ಕುರಿತದ್ದು. ಇದರ ಒಂದು ಪ್ರಭೇದದಲ್ಲಿ ಮೊದಲು ಒಂದು ಗುರಿಮೊತ್ತವನ್ನು ನಿಗದಿ ಮಾಡುತ್ತಾರೆ. ಗುರಿ ಒಂದು ಕೋಟಿಯೆಂದೂ ಕೆಲಸ 90 ಲಕ್ಷಕ್ಕೆ ಮುಗಿಯಿತೆಂದೂ ಭಾವಿಸಿದರೆ, ಸಮಪಾಲಿನ ಒಡಂಬಡಿಕೆಯಲ್ಲಿ ಉಳಿದ 10 ಲಕ್ಷದಲ್ಲಿ ಇಬ್ಬರಿಗೂ ಐದೈದು ಲಕ್ಷ. ಕೇಳಲು ಸೊಗಸಾಗಿದೆ. ಆದರೆ ಗುರಿಮೊತ್ತವನ್ನೇ ಉಬ್ಬಿಸಿ ಬರೆದಿದ್ದರೆ ಈ ಉಳಿತಾಯ ಉಳಿತಾಯವೇ ಅಲ್ಲ. ಗೌಂಡಿಯ, ಹೆಣ್ಣಾಳಿನ ಕೂಲಿಯನ್ನು ಕಡಿತ ಮಾಡಿ ಹುಟ್ಟಿದ ಉಳಿತಾಯವನ್ನು ಹಂಚಿಕೊಳ್ಳುವುದಕ್ಕೆ ಏನೆಂದು ಹೆಸರಿಡೋಣ? ತತ್ತ್ವಾರ್ಥಸೂತ್ರವು ಅಚೌರ್ಯದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ, ಸತ್ಯದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಸುಳ್ಳು ಅಳತೆ ಪುಸ್ತಕ, ಕಲಬೆರಕೆಯ ಸಾಮಗ್ರಿ, ಉಬ್ಬಿಸಿದ ಅಂದಾಜುಪಟ್ಟಿ ಇವು ಮೂರೂ ಈ ಹೆಸರುಗಳ ಪರಿಧಿಯಲ್ಲಿಯೇ ಬರುತ್ತವೆ. ಇಂಗ್ಲೆಂಡಿನ ಕರಾರು ಗುತ್ತಿಗೆದಾರನ ಖಾತೆಯನ್ನು ಮ್ಯಾನೇಜರನು ಪರಿಶೀಲಿಸಬಹುದೆಂದು ಹೇಳಿ ಇದಕ್ಕೆ ಪರಿಹಾರ ಸೂಚಿಸುತ್ತದೆ. ಮಾಲೀಕನ ಖಾತೆಯನ್ನು ಗುತ್ತಿಗೆದಾರನು ನೋಡಬಹುದೆಂಬ ಮಾತಿಲ್ಲ. ಟ್ರಸ್ಟಿನ ಬಳಿ ಹಣವಿದೆಯೇ, ವಾಗ್ದಾನವಾದ ದೇಣಿಗೆ ಬಂದಿದೆಯೇ ಎಂಬುದು ತಿಳಿಯದೆ ಸಿಮೆಂಟು, ಕಬ್ಬಿಣವನ್ನು ಉದ್ದರಿ ತರುವ ಸಣ್ಣ ಗುತ್ತಿಗೆದಾರನಿಗೆ ಇದು ಏಕಮುಖವಾದ ವಿಶ್ವಾಸ.

ನಮ್ಮ ನಾಡಿನ ಸರ್ಕಾರಿ ಕಾಮಗಾರಿಗಳು ಬೇರೆಯೇ ದಾರಿಯಲ್ಲಿ ನಡೆದಿವೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಸ್ವಜನಪಕ್ಷಪಾತವನ್ನು ತಡೆಯಲು ಬಂದದ್ದು. ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೂ ಕನಿಷ್ಠ ದರವೇ ಶ್ರೇಷ್ಠವೆಂಬ ನಂಬಿಕೆ ಅದರೊಂದಿಗೆ ಬೇರೂರಿತು. ಕೇಂದ್ರದ ಹಣಕಾಸು ಸಚಿವಾಲಯವು 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಗಳು, ಆಯ್ದ ಕಾಮಗಾರಿಗಳಲ್ಲಿ ದರದೊಡನೆ ಗುಣಕ್ಕೂ ಶೇಕಡಾ 30ರವರೆಗೆ ಅಂಕ ಕೊಡಬಹುದೆಂದು ಒಪ್ಪಿದುದು ಈ ನಂಬಿಕೆಯಲ್ಲಿ ಬಿದ್ದ ಮೊದಲ ಬಿರುಕು.

ಕಮಲಾಪುರದ ಮೇಲೆ ಹಾಯುವ ಬೀದರ–ಕಲಬುರಗಿ ರೈಲುಮಾರ್ಗವನ್ನು ನೆನೆಯಿರಿ. 1997–98ರಲ್ಲಿ ಮಂಜೂರಾದ ಸುಮಾರು 110 ಕಿಲೋಮೀಟರಿನ ಈ ಮಾರ್ಗ ಲೋಕಾರ್ಪಣೆಗೊಂಡುದು 2017ರ ಅಕ್ಟೋಬರ್ 29ರಂದು; ಸುಮಾರು 370 ಕೋಟಿಯ ಅಂದಾಜು 1,500 ಕೋಟಿಯನ್ನು ದಾಟಿತು. ಇಷ್ಟಕ್ಕೆಲ್ಲ ಕರಾರಿನ ಮಾದರಿಯೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಆದರೆ ಮರಗುತ್ತಿಯ ಬಳಿಯ ಸುರಂಗದಂತಹ ಕೆಲಸದಲ್ಲಿ, ನೆಲದೊಳಗೆ ಏನಿದೆಯೆಂದು ಯಾರಿಗೂ ಮೊದಲೇ ಕಾಣದಿರುವಾಗ, ಆ ಅನಿಶ್ಚಯದ ಭಾರವನ್ನು ಯಾರು ಹೊರಬೇಕೆಂಬ ಪ್ರಶ್ನೆ ಎದ್ದೇ ಏಳುತ್ತದೆ. ಅನುಭವಿ ಗುತ್ತಿಗೆದಾರನೂ ನಿರೀಕ್ಷಿಸಲಾಗದ ನೆಲದ ಸ್ಥಿತಿಯ ಹೊರೆಯನ್ನು ಇಂಗ್ಲೆಂಡಿನ ಕರಾರು ಮಾಲೀಕನ ಮೇಲೆ ಹಾಕುತ್ತದೆ. ಇದು ದಾಕ್ಷಿಣ್ಯವಲ್ಲ, ಆ ಹೊರೆಯನ್ನು ಗುತ್ತಿಗೆದಾರನೇ ಹೊರಬೇಕಾದರೆ ಅವನು ಮೊದಲೇ ದರವನ್ನು ಏರಿಸಿ ಬರೆಯುತ್ತಾನೆ, ಇಲ್ಲವೇ ಕೆಲಸವನ್ನು ನಡುವೆಯೇ ಬಿಟ್ಟು ಹೋಗುತ್ತಾನೆ.

ನಮ್ಮ ಟ್ರಸ್ಟುಗಳಾದರೋ ಎರಡು ಅತಿರೇಕಗಳ ನಡುವೆ ತೂಗಾಡುತ್ತಿವೆ. ಸಮಾಜದವನೇ ಆದ ಗುತ್ತಿಗೆದಾರನಿಗೆ ಬಾಯಿಮಾತಿನ ಮೇಲೆ ಕೆಲಸ ಒಪ್ಪಿಸುವುದು ಒಂದು. ಮೂರು ದರಪಟ್ಟಿ ತರಿಸಿ ಅತಿ ಕಡಿಮೆಯದನ್ನು ಹಿಡಿದು, ಆಮೇಲೆ ಅವನನ್ನು ಕಳ್ಳನಂತೆ ಕಾಯುವುದು ಇನ್ನೊಂದು. ಇಂಗ್ಲೆಂಡಿನ ಇಡೀ ಗ್ರಂಥವನ್ನು ಇಲ್ಲಿಗೆ ತರಬೇಕಾಗಿಲ್ಲ. ಅಷ್ಟು ಕಾಗದವನ್ನು ನಿಭಾಯಿಸುವ ಸಿಬ್ಬಂದಿ ನಮ್ಮಲ್ಲಿಲ್ಲ. ಅಲ್ಲಿಯ ಎಂಟು ವಾರಗಳ ಗಡುವನ್ನಂತೂ ಖಂಡಿತ ತರಕೂಡದು. ಆ ಅವಧಿಯೊಳಗೆ ತಿಳಿಸದಿದ್ದರೆ, ಕೆಲವು ಸಂದರ್ಭಗಳ ಹೊರತು, ಗುತ್ತಿಗೆದಾರನ ಹಕ್ಕೇ ಹೋಗುತ್ತದೆ. ಬರವಣಿಗೆ ಬಾರದ ಮೇಸ್ತ್ರಿಗೆ ಇದು ಶಿಕ್ಷೆಯೇ ಸರಿ. ಮುನ್ನೆಚ್ಚರಿಕೆಯ ಒಂದು ವಹಿ, ವಾರಕ್ಕೊಮ್ಮೆ ಮ್ಯಾನೇಜರನೂ ಗುತ್ತಿಗೆದಾರನೂ ಕುಳಿತು ಅದನ್ನು ಓದುವ ಪರಿಪಾಠ, ಹಾಗೂ ಕಟ್ಟಡ ನಿಧಿಯ ಜಮಾ–ಖರ್ಚನ್ನು ಗುತ್ತಿಗೆದಾರನಿಗೂ ತೋರಿಸುವ ಧೈರ್ಯ ಇದ್ದರೆ ಸಾಕು.

ಮ್ಯಾನೇಜರನು ಟ್ರಸ್ಟಿಗಳ ಬಂಧುವಾಗಿರಬಾರದು. ಅವನ ಸಂಭಾವನೆ ನಿಗದಿತವಾಗಿರಬೇಕು; ಉಳಿತಾಯದ ಶೇಕಡಾವಾರಿಗೆ ಅದನ್ನು ಜೋಡಿಸಿದರೆ ಬಿಲ್ಲು ಕಡಿತ ಮಾಡುವುದೇ ಅವನ ಕಸುಬಾಗುತ್ತದೆ. ಅವನ ನಿರ್ಣಯವನ್ನು ಗುತ್ತಿಗೆದಾರನು ಒಪ್ಪದಿದ್ದಾಗ ಕೇಳುವ ಮಧ್ಯಸ್ಥನ ಹೆಸರನ್ನು ಕರಾರಿನಲ್ಲಿಯೇ ನಮೂದಿಸುವ ಏರ್ಪಾಟು ಇಂಗ್ಲೆಂಡಿನ ಮಾದರಿಯಲ್ಲಿದೆ. ನಮ್ಮವರೂ ಇಬ್ಬರಿಗೂ ಸಂಬಂಧವಿಲ್ಲದ ಒಬ್ಬ ನಿವೃತ್ತ ಎಂಜಿನಿಯರರ ಹೆಸರನ್ನು ಪಾಯ ತೋಡುವ ಮುನ್ನವೇ ಬರೆದಿಡಲಿ. ಜಗಳ ಹುಟ್ಟಿದ ಮೇಲೆ ಯಾವ ಹೆಸರಿಗೂ ಇಬ್ಬರೂ ಒಪ್ಪುವುದಿಲ್ಲ.