ಒಂದೇ ಚರ್ಮ, ಎರಡು ಮರ್ಯಾದೆ

ಹಾಸನ ಜಿಲ್ಲೆಯ ಸಂಗೀತದ ಮಾತೆತ್ತಿದರೆ ಮೊದಲು ಬರುವ ಹೆಸರು ರುದ್ರಪಟ್ಟಣ. ಅರಕಲಗೂಡು ತಾಲ್ಲೂಕಿನ, ಕಾವೇರಿ ದಂಡೆಯ ಈ ಸಣ್ಣ ಊರಿನಿಂದ ಆರ್.ಕೆ. ಶ್ರೀಕಂಠನ್ ಬಂದರು, ರುದ್ರಪಟ್ಟಣ ಸಹೋದರರು ಬಂದರು, ಆರ್.ಕೆ. ಪದ್ಮನಾಭ ಬಂದರು. ಸಪ್ತಸ್ವರ ದೇವತೆಗಳಿಗೆ ತಂಬೂರಿಯಾಕಾರದ ಗುಡಿಯೇ ಅಲ್ಲಿದೆ. ದಾಸರ ಕನ್ನಡ ಪದಗಳಿಗೆ ಕಛೇರಿಯಲ್ಲಿ ಗೌರವದ ಜಾಗ ಕೊಡಿಸಿದವರಲ್ಲಿ ಶ್ರೀಕಂಠನ್ ಪ್ರಮುಖರು. ಈ ಸಾಧನೆಯನ್ನು ಹಗುರ ಮಾಡುವ ಅಗತ್ಯ ನಮಗಿಲ್ಲ. ಆದರೆ ಇದನ್ನೇ 'ಕನ್ನಡ ನಾಡಿನ ಸಂಗೀತ' ಎಂದು ಕರೆದಾಗ ಯಾವ ನಾಡು, ಯಾರ ಕಿವಿ ಎಂದು ಕೇಳಲೇಬೇಕಾಗುತ್ತದೆ. ಅದೇ ಜಿಲ್ಲೆಯ ದುದ್ದ ಹೋಬಳಿಯ ಕೇರಿಗಳಲ್ಲಿ ನಿಂತು ಕೇಳಿದರಂತೂ ತಪ್ಪಿಸಿಕೊಳ್ಳಲು ಆಗೋದೇ ಇಲ್ಲ.

ಶಾಸ್ತ್ರೀಯ ಸಂಗೀತ ಅನಾದಿಯಿಂದ ಹೀಗೇ ಇದೆ ಅಂತಾರೆ. ಹಾಗೇನಿಲ್ಲ. ನಾವೀಗ ನೋಡುವ ಸಭೆ, ಟಿಕೆಟ್ಟು, ಕಛೇರಿ ಪದ್ಧತಿ ಬಹುಮಟ್ಟಿಗೆ ಇಪ್ಪತ್ತನೇ ಶತಮಾನದ ಕೂಸು. 1927ರಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆ ಮದರಾಸಿನಲ್ಲಿ ಸಂಗೀತ ಸಮ್ಮೇಳನ ನಡೆಯಿತು; 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಆಳುವ ಬಿಳಿಯನೆದುರು 'ನಮಗೂ ಶಾಸ್ತ್ರವಿದೆ' ಎಂದು ತೋರಿಸಬೇಕಿತ್ತು. ಆ ಭರದಲ್ಲಿ ದೇವದಾಸಿ ಮನೆತನದ ಕಲಾವಿದೆಯರು ಅಂಚಿಗೆ ಸರಿದರು, ಮೇಲ್ಜಾತಿಯ ಮನೆ ಪರಂಪರೆಯ ವಾರಸುದಾರನಾಯಿತು. ಸ್ವಾತಂತ್ರ್ಯಾನಂತರ ಸರ್ಕಾರ ಇದಕ್ಕೆ ಮುದ್ರೆ ಒತ್ತಿತು. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡನ್ನು ಹಿಂದಕ್ಕೆ ತಳ್ಳಿ ಶಾಸ್ತ್ರೀಯಕ್ಕೆ ಪೀಠ ಹಾಕಿದರು. ಕೇರಿಯ ವಾದ್ಯಕ್ಕೆ 'ಜಾನಪದ' ಅನ್ನೋ ಬೇರೆ ಕೋಣೆ. ಬಿಳಿಯ ಹೋದ, ಅವನಿಗೆ ತೋರಿಸಲು ಎಬ್ಬಿಸಿದ ಗೋಡೆ ಉಳಿಯಿತು.

ಈ ಗೋಡೆ ನಾದದ್ದಲ್ಲ, ಜಾತಿಯದ್ದು. ಮೃದಂಗವನ್ನೇ ನೋಡಿ. ಅದರ ಮುಖಕ್ಕೆ ಬೇಕಾದದ್ದು ದನ, ಮೇಕೆ, ಎಮ್ಮೆಯ ಚರ್ಮ. ತಮಟೆಗೂ ಚರ್ಮವೇ. ಮೃದಂಗದ ಎಡಮುಖಕ್ಕೆ ರವೆ ಮೆತ್ತಿದರೆ ಶ್ರುತಿ ಸರಿಪಡಿಸುವುದು. ತಮಟೆಯನ್ನು ಬೆಂಕಿಗೆ ಹಿಡಿದರೆ ಬರೀ 'ಕಾಯಿಸುವುದು'. ಎರಡೂ ಕೆಲಸ ಒಂದೇ, ಚರ್ಮವನ್ನು ಬೇಕಾದ ನಾದಕ್ಕೆ ತರುವುದು. ಒಂದಕ್ಕೆ ಶಾಸ್ತ್ರವೆಂಬ ಹೆಸರು, ಇನ್ನೊಂದಕ್ಕೆ ಹೊಲೆ. ಮೃದಂಗ ಕಟ್ಟುವ ದಲಿತ ಕುಟುಂಬಗಳ ಕುರಿತು ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದಾಗ, ಅದರ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನು ಚೆನ್ನೈನ ಕಲಾಕ್ಷೇತ್ರ ಫೌಂಡೇಶನ್ ಹಿಂದಕ್ಕೆ ಪಡೆಯಿತು. ನಾದ ಬೇಕು, ಚರ್ಮ ಹದ ಮಾಡಿದ ಕೈಯ ಸುದ್ದಿ ಬೇಡ.

ಹಾಗಾದರೆ ನಾವು ತಮಟೆಯನ್ನು ಏನು ಮಾಡಬೇಕು? ಇದು ನಮ್ಮೊಳಗಿನ ಜಗಳ, ಮುಚ್ಚಿಡಬೇಕಾಗಿಲ್ಲ. ಸಾವಿಗೆ, ಸಾರುವುದಕ್ಕೆ, ಊರ ಹಬ್ಬಕ್ಕೆ ಬಿಟ್ಟಿ ಬಡಿಯುವುದನ್ನು ನಿಲ್ಲಿಸಿ ಎಂದು ಚಳವಳಿ ಹೇಳಿತು, ಸರಿಯಾಗೇ ಹೇಳಿತು. ಅದೇ ಚಳವಳಿ ಮೆರವಣಿಗೆಯ ಮುಂದೆ ತಮಟೆ ಇಟ್ಟುಕೊಂಡು, ಸಿದ್ದಲಿಂಗಯ್ಯನವರ ಹಾಡುಗಳ ಜೊತೆ ಬೀದಿಗಿಳಿಯಿತು. ಇದರಲ್ಲಿ ವಿರೋಧಾಭಾಸವಿಲ್ಲ. ಬಿಟ್ಟಿದ್ದು ಚಾಕರಿಯನ್ನು, ವಾದ್ಯವನ್ನಲ್ಲ. ಇಷ್ಟಾದರೂ ಅಪ್ಪನ ತಮಟೆ ಮುಟ್ಟಲು ನಾಚುವ ಓದಿದ ಹುಡುಗನನ್ನು ಬೈಯುವುದು ಅನ್ಯಾಯ. ಆ ನಾಚಿಕೆ ಅವನು ತಂದುಕೊಂಡದ್ದಲ್ಲ, ಊರು ಹೊರಿಸಿದ್ದು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಪ್ರಶಸ್ತಿ ಒಬ್ಬರಿಗೆ ಶಾಲು ಹೊದಿಸುತ್ತದೆ, ಗೋಡೆ ಒಡೆಯುವುದಿಲ್ಲ. ಸಭೆಯಲ್ಲಿ ತಮಟೆಗೆ ಹತ್ತು ನಿಮಿಷ ಅತಿಥಿಯ ಜಾಗ ಕೊಡುವುದೂ ಅಷ್ಟೆ. ಸಂಗೀತ ಕಾಲೇಜಿನ ಪಠ್ಯದಲ್ಲಿ ತಮಟೆಯ ಲಯದ ಲೆಕ್ಕ ಪಾಠವಾಗಲಿ. ಅದನ್ನು ಬಲ್ಲ ಕೇರಿಯ ಹಿರಿಯ ಸಂಬಳದ ಮೇಷ್ಟ್ರಾಗಿ ಕುರ್ಚಿಯ ಮೇಲೆ ಕೂರಲಿ. ಮೃದಂಗ ಕಟ್ಟಿದವರ ಹೆಸರು ಕಛೇರಿಯ ಕರಪತ್ರದಲ್ಲಿ ಅಚ್ಚಾಗಲಿ. ರುದ್ರಪಟ್ಟಣದ ತಂಬೂರಿ ಅಲ್ಲೇ ಇರಲಿ, ಯಾರ ತಕರಾರೂ ಇಲ್ಲ. ದುದ್ದದ ತಮಟೆಯನ್ನೂ ಸಂಗೀತವೆಂದೇ ಕೇಳಲು ಕಲಿಯುವ ತನಕ ಈ ನಾಡಿನ ಕಿವಿಗೆ ಮಾತ್ರ ಸ್ವಾತಂತ್ರ್ಯ ಬಂದಿಲ್ಲ.