‘ಪದಾಂಧತೆ’: ಒಂದು ನಾಮಕರಣದ ವಿಮರ್ಶೆ

ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ನರು 1896ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಲೇಖನವು, ಇಂದು ಡಿಸ್ಲೆಕ್ಸಿಯಾ ಎನಿಸಿಕೊಳ್ಳುವ ಓದಿನ ತೊಡಕಿನ ಆದ್ಯ ದಾಖಲೆಗಳಲ್ಲೊಂದು. ಅದರಲ್ಲಿ ಬರುವ 14 ವರ್ಷದ ಪರ್ಸಿಯು 749ನ್ನು 867ರಿಂದ ತಪ್ಪಿಲ್ಲದೆ ಗುಣಿಸಬಲ್ಲವನು. ತನ್ನ ಹೆಸರನ್ನೇ ‘ಪ್ರೆಸಿ’ಯೆಂದು ಬರೆದು, ಪರರು ಮತ್ತೆ ಮತ್ತೆ ಎತ್ತಿತೋರಿಸುವತನಕ ದೋಷವನ್ನರಿಯದವನು. ಪದಗಳ ದೃಶ್ಯಮುದ್ರೆಯನ್ನು ಕಾಯ್ದಿರಿಸುವ ಶಕ್ತಿ ಅವನಿಗಿಲ್ಲವೆಂದು ಮಾರ್ಗನ್ನರು ನಿರ್ಣಯಿಸಿ, ಅದನ್ನು ಹುಟ್ಟಿನಿಂದ ಬಂದ ‘ಪದಾಂಧತೆ’ಯೆಂದು ಕರೆದರು.

ವೀಕ್ಷಣೆ ಶ್ಲಾಘ್ಯ, ನಿರ್ಣಯವನ್ನು ನಾವು ಒಪ್ಪಲಾರೆವು. ಆ ತಪ್ಪಿನಲ್ಲಿ ಹೆಸರಿನ ಇಂಗ್ಲಿಷ್ ಅಕ್ಷರಗಳೈದೂ ಉಳಿದಿವೆ, ಕ್ರಮವಷ್ಟೇ ಪಲ್ಲಟ. ಮಕ್ಕಳು ಪದವನ್ನು ಬರಿಯ ಚಿತ್ರವೆಂಬಂತೆ ನೆನಪಿಡುವುದಿಲ್ಲ. ಅಕ್ಷರಕ್ಕೆ ಧ್ವನಿಯನ್ನು ಹೊಂದಿಸಿ ಹೊಂದಿಸಿಯೇ ಕಡೆಗೆ ನೋಡಿದೊಡನೆ ಗುರುತಿಸುತ್ತಾರೆ. ತೊಡಕು ಬಹುಮಟ್ಟಿಗೆ ಈ ಹೊಂದಾಣಿಕೆಯಲ್ಲಿದೆಯೆಂದು 1970ರ ದಶಕದಿಂದೀಚಿನ ಸಂಶೋಧನೆ ತೋರಿಸಿದೆ. ಆದರೂ ಇಂಥವರಿಗೆ ಅಕ್ಷರಗಳು ತಿರುಗಿ ಕಾಣುತ್ತವೆಂಬ ಜನಾಭಿಪ್ರಾಯ ಇಂದಿಗೂ ಅಳಿದಿಲ್ಲ.